ನಮ್ಮ ವ್ಯಾನು ಓಡಿದ್ದು ಇಷ್ಟೇ

ನಮ್ಮ ಮನೆಯ ಮಿಕ್ಸಿಗೆ ಒಂದು ಹೊದಿಕೆಯಿದೆ. ಕಿತ್ತಳೆ ಬಣ್ಣದ ಬಟ್ಟೆ, ಅದರ ಮೇಲೆ ಕಂದು ಬಣ್ಣದ ಬಳೆಗಳ ಚಿತ್ತಾರ. ಈಗ ಕಿತ್ತಳೆ ಯಾವುದು ಕಂದು ಯಾವುದು ಎಂದು ಹೇಳಬೇಕಾದರೆ ಬೆಳಕಿಗೆ ಹಿಡಿದು ನೋಡಬೇಕು. ಮೇಲಂಚಿನಲ್ಲಿ ಐದು ಹಿತ್ತಾಳೆ ಉಂಗುರಗಳಿವೆ. ಮಿಕ್ಸಿಯ ಹೊದಿಕೆಗೆ ಉಂಗುರ ಯಾಕೆ ಎಂದು ಬಂದವರೆಲ್ಲ ಕೇಳುತ್ತಾರೆ. ಮೊನ್ನೆ ಸೊಸೆ ಅಂಗಡಿಯಿಂದ ಹೊಸ ಹೊದಿಕೆ ತಂದು, ಇದನ್ನು ಒರೆಸುವ ಬಟ್ಟೆ ಮಾಡಿಕೊಳ್ಳಲೇ ಎಂದು ಕೇಳಿದಳು. ನಾನು ಅದನ್ನು ಅವಳ ಕೈಯಿಂದ ಕಸಿದುಕೊಂಡ ರೀತಿಗೆ ಪಾಪ, ಹುಡುಗಿಗೆ ಗಾಬರಿಯಾಯಿತು. ಇಡೀ ಕಥೆ ಹೇಳೋಣವೆಂದರೆ ಅವಳಿಗೆ ಆಫೀಸಿಗೆ ಹೊತ್ತಾಗಿತ್ತು. ನಿಮಗಾದರೆ ಪುರುಸೊತ್ತಿದೆ, ಇಲ್ಲದಿದ್ದರೆ ಇಂಥದ್ದನ್ನು ಓದಲು ಕೂರುತ್ತಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾವಿದ್ದದ್ದು ರಾಜಾಜಿನಗರದಲ್ಲಿ. ಮನೆಯ ಮುಂದೆ ಒಂದು ಸಂಪಿಗೆ ಮರ, ಮರದ ಕೆಳಗೆ ಒಂದು ವ್ಯಾನು. ವ್ಯಾನು ಅಣ್ಣನದು. ಅಣ್ಣ ಎಂದರೆ ನನ್ನ ತಂದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತಂದೆಯನ್ನು ಹಾಗೇ ಕರೆಯುವುದು. ಅವರು ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದು ಸ್ವಲ್ಪ ಮುಂಚೆಯೇ ನಿವೃತ್ತಿ ತೆಗೆದುಕೊಂಡಾಗ ಜೊತೆಯವರೆಲ್ಲ ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಸೈಟು ಹುಡುಕುತ್ತಿದ್ದರು. ಅಣ್ಣ ಮಾತ್ರ ಸಾಮಾನು ಸಾಗಿಸುವ ಹೊಸ ವ್ಯಾನೊಂದನ್ನು ಕೊಂಡು ತಂದರು. ಸೈಟು ಇದ್ದಲ್ಲೇ ಬಿದ್ದಿರುತ್ತದೆ, ಇದಾದರೆ ನಮ್ಮನ್ನು ಕಾಶಿಗೆ ಕರೆದುಕೊಂಡು ಹೋಗುತ್ತದೆ ಎನ್ನುವುದು ಅವರ ವಾದ. ಮುಂದೆ ಆ ಸೈಟುಗಳ ಬೆಲೆ ಎಲ್ಲಿಂದ ಎಲ್ಲಿಗೋ ಹೋಯಿತು. ನಮ್ಮ ವ್ಯಾನು ಮಾತ್ರ ಸಂಪಿಗೆ ಮರ ಬಿಟ್ಟು ಕದಲಲಿಲ್ಲ.

ಅದನ್ನು ಮನೆಯಾಗಿ ಮಾಡುವ ಕೆಲಸ ಮಾಗಡಿ ರಸ್ತೆಯ ಒಂದು ಶೆಡ್ಡಿನಲ್ಲಿ ಮೂರು ತಿಂಗಳು ನಡೆಯಿತು. ಅಣ್ಣ ತಾವೇ ಸ್ಕೇಲು ಪೆನ್ಸಿಲ್ಲು ಹಿಡಿದು ನಕ್ಷೆ ಬರೆದಿದ್ದರು. ಎರಡೂ ಬದಿಗೆ ಮೂರು ಮೂರು ಕಿಟಕಿ. ಒಳಗೆ ಮೆರೂನ್ ಬಣ್ಣದ ರೆಕ್ಸಿನ್ ಹಾಸಿಗೆಗಳು, ಅವುಗಳ ಕೆಳಗೆ ಪಾತ್ರೆ ಪಗಡಿಗೆ ಪೆಟ್ಟಿಗೆ. ಸೀಮೆಎಣ್ಣೆ ಸ್ಟೌ ಇಡಲು ಕಟ್ಟೆ, ಪಾತ್ರೆ ಜಾರದಂತೆ ಅದಕ್ಕೊಂದು ಅಂಚು. ನಲ್ಲಿ ಕೂರಿಸಿದ ನೀರಿನ ಡ್ರಮ್ಮು. ದೇವರ ಫೋಟೋಗಳಿಗೆ ಬೇರೆಯೇ ಗೂಡು, ಘಾಟಿಯ ತಿರುವುಗಳಲ್ಲಿ ದೇವರು ಕೆಳಗೆ ಬೀಳದಿರಲಿ ಎಂದು ಅದಕ್ಕೊಂದು ಚಿಲಕ. ನನ್ನ ಹಾಸಿಗೆಗೆ ಅಳತೆ ತೆಗೆದುಕೊಂಡಾಗ ಅಣ್ಣ ಅರ್ಧ ಅಡಿ ಹೆಚ್ಚಿಗೆ ಬಿಡಿಸಿದರು. ಬದರಿ, ಕಾಶ್ಮೀರ ಎಲ್ಲ ಮುಗಿಸುವ ಹೊತ್ತಿಗೆ ಬೆಳೆದಿರುತ್ತಾಳೆ ಎಂದರು. ವ್ಯಾನು ಮಾರುವ ಹೊತ್ತಿಗೆ ಆ ಅರ್ಧ ಅಡಿಯನ್ನೂ ಮೀರಿ ನನ್ನ ಕಾಲು ಹೊರಗೆ ಚಾಚುತ್ತಿತ್ತು.

ಪರದೆಗಳನ್ನು ಹೊಲಿದದ್ದು ಅಮ್ಮ. ಕಿಟಕಿಗೊಂದರಂತೆ ಆರು. ಹೊಲಿಗೆ ಯಂತ್ರವನ್ನು ಕಾಲಲ್ಲಿ ತುಳಿಯುತ್ತಾ ಅವಳು ಅಪರೂಪಕ್ಕೆ ತನ್ನ ಆಸೆಯೊಂದನ್ನು ಬಾಯಿಬಿಟ್ಟು ಹೇಳಿದಳು.

"ಬಸ್ಸಲ್ಲಿ ಕೂತ್ಕೊಂಡೂ ಹೋಗಿದೀನಿ, ನಿಂತ್ಕೊಂಡೂ ಹೋಗಿದೀನಿ. ಒಂದ್ಸಲ ಮಲ್ಕೊಂಡು ಹೋಗ್ಬೇಕು ಕಣೇ. ಕಿಟಕೀಲಿ ಮರ ಹೋಗೋದನ್ನ ನೋಡ್ಕೊಂಡು."

ಕಾಶಿ, ಬದರಿ ಎಲ್ಲ ಅಣ್ಣನ ಪಟ್ಟಿಯಲ್ಲಿದ್ದ ಊರುಗಳು. ಅಮ್ಮನಿಗೆ ಬೇಕಾಗಿದ್ದದ್ದು ಇಷ್ಟೇ. ಬೆಳಗ್ಗೆ ಐದಕ್ಕೆ ನಲ್ಲಿಯಲ್ಲಿ ನೀರು ಬರುವ ಮನೆಯ ಹೆಂಗಸು ಅವಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ಜ್ವರ ಬಂದಾಗ ಕೂಡ ನೋಡಿರಲಿಲ್ಲ.

ಹಾಸಿಗೆಗಳಿಗೆ ಅಂಗಡಿಯವರು ಹಾಕಿ ಕೊಟ್ಟ ಪಾಲಿಥೀನ್ ಹೊದಿಕೆಯನ್ನು ಅಣ್ಣ ತೆಗೆಯಲಿಲ್ಲ. ಹೊರಡುವ ದಿನ ತೆಗೆದರಾಯಿತು, ಅಲ್ಲಿಯವರೆಗೆ ಧೂಳು ಕೂರದಿರಲಿ ಎಂದರು. ನಮ್ಮ ಬೀದಿಯಲ್ಲಿ ಟಿವಿ ಕೊಂಡವರು ಅದರ ಪೆಟ್ಟಿಗೆಯನ್ನೂ ಅಟ್ಟದ ಮೇಲೆ ಕಾಪಾಡುತ್ತಿದ್ದ ಕಾಲ ಅದು. ಆದ್ದರಿಂದ ಇದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. ನಾನು ಹೋಂವರ್ಕ್ ಮಾಡಲು ಒಳಗೆ ಹೋಗಿ ಕೂತರೆ ಆ ಪಾಲಿಥೀನು ಚರಪರ ಎನ್ನುತ್ತಿತ್ತು, ಮನೆಯೊಳಗಿಂದ ಅಣ್ಣ ಕೆಮ್ಮುತ್ತಿದ್ದರು.

ಇನ್ನು ಹೊರಡುವ ವಿಷಯ. ಪ್ರಸ್ಥಾನ ಇಡುವುದು ಎಂಬ ಪದ್ಧತಿಯನ್ನು ನೀವು ಕೇಳಿರಬಹುದು. ಒಳ್ಳೆಯ ಮುಹೂರ್ತ ಸಿಕ್ಕಿದೆ, ಆದರೆ ಆ ಹೊತ್ತಿಗೆ ಹೊರಡಲು ಆಗುವುದಿಲ್ಲ ಎನ್ನಿ. ಆಗ ಒಂದು ಚೀಲದಲ್ಲಿ ಬಟ್ಟೆ, ಅಕ್ಕಿ, ತೆಂಗಿನಕಾಯಿ ಇಟ್ಟು ಆ ಮುಹೂರ್ತಕ್ಕೆ ಸರಿಯಾಗಿ ಅದನ್ನು ಬೇರೆಯವರ ಮನೆಗೆ ಸಾಗಿಸಿಬಿಡುವುದು. ಚೀಲ ಹೊರಟಿತೆಂದರೆ ನೀವೂ ಹೊರಟ ಹಾಗೆ. ಆಮೇಲೆ ಅನುಕೂಲವಾದಾಗ ಹೋಗಿ ಚೀಲ ತೆಗೆದುಕೊಂಡು ಪ್ರಯಾಣ ಮುಂದುವರಿಸಬಹುದು. ನಮ್ಮ ಜೋಯಿಸರ ಪ್ರಕಾರ ಇದಕ್ಕೆ ಮೂರು ದಿನದ ಗಡುವು. ಅಷ್ಟರೊಳಗೆ ಹೊರಡದಿದ್ದರೆ ಹೊಸ ಮುಹೂರ್ತ, ಹೊಸ ಪ್ರಸ್ಥಾನ.

ಅಣ್ಣ ಇಂಜಿನಿಯರಿಂಗ್ ಬುದ್ಧಿಯವರು. ಚೀಲ ಯಾಕೆ, ವ್ಯಾನನ್ನೇ ಪ್ರಸ್ಥಾನ ಇಡೋಣ ಎಂದರು. ಹೊಸಹಳ್ಳಿಯಲ್ಲಿ ಅವರ ಕಾರ್ಖಾನೆಯ ಗೆಳೆಯ ನಂಜುಂಡಯ್ಯನವರ ಮನೆ ಇತ್ತು, ದೊಡ್ಡ ಕಾಂಪೌಂಡು. ಮುಹೂರ್ತಕ್ಕೆ ಸರಿಯಾಗಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಗಾಡಿ ಹತ್ತಿಸಿ, ನಾಲ್ಕು ಕಿಲೋಮೀಟರ್ ಓಡಿಸಿ ಅಲ್ಲಿನ ತೆಂಗಿನ ಮರದ ಕೆಳಗೆ ನಿಲ್ಲಿಸಿ, ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು. ಕಾಶಿ ಇರುವುದು ಉತ್ತರಕ್ಕೆ, ಹೊಸಹಳ್ಳಿ ನಮ್ಮ ಮನೆಯಿಂದ ದಕ್ಷಿಣಕ್ಕೆ ಎಂದು ಅಮ್ಮ ಮೊದಲ ಸಲವೇ ಹೇಳಿದಳು. ಉತ್ತರಕ್ಕೆ ಅಷ್ಟು ದೊಡ್ಡ ಕಾಂಪೌಂಡಿನ ಗೆಳೆಯರು ಯಾರೂ ಇಲ್ಲವಲ್ಲ ಎಂದರು ಅಣ್ಣ.

ಪ್ರಸ್ಥಾನ ಇಟ್ಟ ಮೂರು ದಿನದಲ್ಲಿ ಏನಾದರೊಂದು ಬರುತ್ತಿತ್ತು. ದೊಡ್ಡ ಬಳಗ ನಮ್ಮದು, ಎಲ್ಲೋ ಒಂದು ಕಡೆ ಯಾರಿಗೋ ಮಗು ಹುಟ್ಟುತ್ತಿತ್ತು, ಇಲ್ಲವೇ ಯಾರೋ ಹೋಗಿಬಿಡುತ್ತಿದ್ದರು, ಎರಡಕ್ಕೂ ಮೈಲಿಗೆ. ಯಾರೂ ಹುಟ್ಟದೆ ಸಾಯದೆ ಇದ್ದರೆ ನೆಂಟರು ಹಾಸಿಗೆ ಸುರುಳಿ ಸಮೇತ ಬಂದಿಳಿಯುತ್ತಿದ್ದರು. ನೆಂಟರೂ ಬರದಿದ್ದರೆ ಅಣ್ಣನಿಗೇ ವ್ಯಾನಿನಲ್ಲೊಂದು ಕೊರತೆ ಕಾಣುತ್ತಿತ್ತು. ಒಮ್ಮೆಯಂತೂ ಕಾಫಿ ಸೋಸುವುದಕ್ಕೆ ಜಾಗವಿಲ್ಲ ಎಂಬ ಕಾರಣಕ್ಕೆ ಉತ್ತರ ಭಾರತ ಪ್ರವಾಸ ಮುಂದಕ್ಕೆ ಹೋಯಿತು. ನಾಲ್ಕನೆಯ ದಿನ ಅಣ್ಣ ಬಸ್ಸಿನಲ್ಲಿ ಹೋಗಿ, ಹಕ್ಕಿ ಹಿಕ್ಕೆ ಬಿದ್ದ ವ್ಯಾನನ್ನು ಮನೆಗೆ ತಂದು ಒರೆಸುತ್ತಿದ್ದರು.

ಇದರಲ್ಲಿ ನನ್ನ ಮಾನವೂ ಒಮ್ಮೆ ಹೋಯಿತು. ಎರಡನೆಯ ವರ್ಷದ ಪ್ರಸ್ಥಾನವನ್ನು ನಂಬಿ ಶಾಲೆಗೆ ಇಪ್ಪತ್ತು ದಿನದ ರಜೆ ಚೀಟಿ ಕೊಟ್ಟಿದ್ದೆ. ಕಾಶ್ಮೀರದಿಂದ ಸೇಬು ತರುತ್ತೇನೆಂದು ತರಗತಿಯಲ್ಲಿ ಘೋಷಿಸಿದ್ದೆ. ವ್ಯಾನು ಹೊಸಹಳ್ಳಿಯಿಂದ ವಾಪಸ್ಸು ಬಂದರೂ ನಾನು ಮರ್ಯಾದೆಗೆ ಅಂಜಿ ಹತ್ತು ದಿನ ಹೊಟ್ಟೆನೋವು ನಟಿಸಿ ಮನೆಯಲ್ಲೇ ಅಡಗಿದ್ದೆ. ಹನ್ನೊಂದನೆಯ ದಿನ ಅಮ್ಮನನ್ನು ಕಾಡಿ ಮಾರ್ಕೆಟ್ಟಿನಿಂದ ಸೇಬು ತರಿಸಿ ಹಂಚಿ, ದಾಲ್ ಸರೋವರದ ದೋಣಿಗಳ ಬಗ್ಗೆ ಧಾರಾಳವಾಗಿ ವರ್ಣಿಸಿದೆ. ಒಬ್ಬಳು ಸೇಬು ಸುತ್ತಿದ್ದ ಕಾಗದ ಬಿಡಿಸಿ, "ಕಾಶ್ಮೀರಕ್ಕೂ ಕನ್ನಡ ಪೇಪರ್ ಬರತ್ತೇನೇ?" ಎಂದಳು. ಆ ವರ್ಷವಿಡೀ ನನ್ನ ಹೆಸರು ಕಾಶ್ಮೀರಿ ಎಂದೇ ಆಯಿತು.

ನಾಲ್ಕು ವರ್ಷ ಹೀಗೇ ಕಳೆಯಿತು. ಪ್ರತಿ ಭಾನುವಾರ ಅಣ್ಣ ಇಂಜಿನ್ ಚಾಲೂ ಮಾಡಿ ಹತ್ತು ನಿಮಿಷ ನಿಂತಲ್ಲೇ ಬಿಡುತ್ತಿದ್ದರು, ಎದುರು ಮನೆಯವರು ಆ ಹೊತ್ತಿಗೆ ಸಂಡಿಗೆ ಹಪ್ಪಳ ಒಳಗೆ ತೆಗೆದುಕೊಳ್ಳುತ್ತಿದ್ದರು. ಕೊನೆಗೊಂದು ದಿನ ಟೈರುಗಳಲ್ಲಿ ಬಿರುಕು ಕಾಣಿಸಿತು. ಮೆಕ್ಯಾನಿಕ್ಕು ಬಂದು ಬೆರಳಿಟ್ಟು ನೋಡಿ, ಓಡಿ ಹಾಳಾಗಿದ್ದಲ್ಲ ಸಾರ್, ನಿಂತೂ ನಿಂತೂ ಹಾಳಾಗ್ತಾ ಇದೆ, ಓಡಿಸೋರಿಗೆ ಕೊಟ್ಟುಬಿಡಿ ಎಂದ. ಅವನು ಒಳ್ಳೆಯದಕ್ಕೇ ಹೇಳಿದ್ದು. ಅಣ್ಣ ಆವತ್ತು ಊಟ ಮಾಡಲಿಲ್ಲ. ಮರುದಿನ ಪತ್ರಿಕೆಗೆ ಜಾಹೀರಾತು ಬರೆದುಕೊಂಡು ಹೋದರು: ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ವ್ಯಾನು ಮಾರಾಟಕ್ಕಿದೆ, ಒಬ್ಬರೇ ಮಾಲೀಕರು, ಬಹಳ ಕಡಿಮೆ ಓಡಿದೆ.

ಬಹಳ ಕಡಿಮೆ ಓಡಿದೆ ಎಂಬ ಮಾತೇ ನಮಗೆ ಮುಳುವಾಯಿತು. ಮೀಟರಿನಲ್ಲಿ ಇನ್ನೂರ ಎಂಬತ್ತಮೂರು ಕಿಲೋಮೀಟರ್ ನೋಡಿ ಒಬ್ಬ ಯುವಕ, ಮೀಟರ್ ಕೇಬಲ್ ಕಿತ್ತಿಟ್ಟು ಓಡಿಸಿದ್ದೀರಾ ಅಂಕಲ್ ಎಂದು ನಗುತ್ತಾ ಕೇಳಿದ. ಕಾರ್ಖಾನೆಯಿಂದ ಒಂದು ಸ್ಕ್ರೂ ಸಹ ಮನೆಗೆ ತರದ ಮನುಷ್ಯ ಅಣ್ಣ. ಅವನಿಗೆ ಕೊಟ್ಟಿದ್ದ ಕಾಫಿ ಮುಗಿಯುವ ಮುಂಚೆಯೇ ಗೇಟು ತೋರಿಸಿದರು. ಮತ್ತೊಮ್ಮೆ ಬಂದ ಹೆಂಗಸೊಬ್ಬಳು ಅಮ್ಮನನ್ನು ಪಕ್ಕಕ್ಕೆ ಕರೆದು, ಇದರಲ್ಲಿ ಯಾರಾದರೂ ತೀರಿಕೊಂಡರಾ ಎಂದು ಪಿಸುಗುಟ್ಟಿದಳಂತೆ. ತಿಂಗಳೊಳಗೆ ಏಳೆಂಟು ಜನ ಬಂದು ಹೋದರು. ಕಳ್ಳ ಎಂದು ಯಾರೂ ನೇರವಾಗಿ ಅನ್ನಲಿಲ್ಲ, ಆದರೆ ಎಲ್ಲರೂ ಮೀಟರಿನಿಂದ ಕಣ್ಣೆತ್ತಿ ಅಣ್ಣನ ಮುಖವನ್ನು ಒಂದು ಥರ ನೋಡುತ್ತಿದ್ದರು. ವ್ಯಾನು ಹೋದರೆ ಹೋಗಲಿ, ಆ ಮೀಟರು ನಿಜ ಎಂದು ಒಬ್ಬನಾದರೂ ನಂಬಿದರೆ ಸಾಕು ಎಂಬ ಸ್ಥಿತಿಗೆ ಅಣ್ಣ ಬಂದಿದ್ದರು.

ಆಗ ಬಂದವರು ರುದ್ರಪ್ಪನವರು. ರಾಣೆಬೆನ್ನೂರಿನ ಕಡೆಯವರು, ಬಸವೇಶ್ವರನಗರದಲ್ಲಿ ಮನೆ ಮಾಡಿದ್ದರು, ಸಂತೆಯಿಂದ ಸಂತೆಗೆ ಹೋಗಿ ಬಟ್ಟೆ ವ್ಯಾಪಾರ. ಹೋದ ಊರಿನಲ್ಲೇ ಬೇಯಿಸಿಕೊಂಡು ಮಲಗುವವರಿಗೆ ಇಂಥ ಗಾಡಿ ದೇವರೇ ಕಳಿಸಿದ ಹಾಗೆ. ಭಾನುವಾರ ಬೆಳಗ್ಗೆ ಬಂದು ವ್ಯಾನನ್ನು ಒಳಗೆ ಹೊರಗೆ ನೋಡಿ, ಕೊನೆಗೆ ಮೀಟರಿನ ಮುಂದೆ ನಿಂತರು.

"ಯಜಮಾನ್ರ, ತಪ್ಪು ತಿಳೀಬ್ಯಾಡ್ರಿ. ನಾಕು ವರ್ಷದ ಗಾಡಿ ಇಷ್ಟ ಓಡೈತಿ ಅಂದ್ರ ನಂಬೂದು ಹ್ಯಾಂಗ್ರಿ?"

ಆಗ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಹೊರಗೆ ಬಂದಳು. ಪರ ಗಂಡಸರ ಮುಂದೆ ಕಾಫಿ ಲೋಟ ಇಟ್ಟು ಒಳಗೆ ಹೋಗಿಬಿಡುವವಳು ಆವತ್ತು ವ್ಯಾನಿನ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ಈ ಗಾಡಿ ಎಲ್ಲೆಲ್ಲಿ ಹೋಗಿದೆ ಅಂತ ನಾನು ಹೇಳುತ್ತೇನೆ, ನೀವು ಬರೆದುಕೊಳ್ಳಿ ಎಂದಳು.

ರುದ್ರಪ್ಪನವರು ಜೇಬಿನಿಂದ ಪೆನ್ನು ತೆಗೆದರು. ಅಂಗಡಿಯಿಂದ ಮನೆಗೆ, ಮನೆಯಿಂದ ಶೆಡ್ಡಿಗೆ, ಕಿಟಕಿ ಸರಿಯಿಲ್ಲವೆಂದು ಮತ್ತೆ ಎರಡು ಸಲ, ಎಲ್ಲ ಸೇರಿ ಅರವತ್ತು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಪೂಜೆಗೆ ಹೋಗಿ ಬಂದದ್ದು ಸಲಕ್ಕೆ ಹದಿನಾಲ್ಕು, ನಾಲ್ಕು ಆಯುಧಪೂಜೆಗೆ ಐವತ್ತಾರು. ಪಕ್ಕದ ಮನೆಯವರ ಮದುವೆಗೆ ಕೆಂಗೇರಿಯ ಛತ್ರಕ್ಕೆ ಪಾತ್ರೆ ಸಾಗಿಸಿದ್ದು ನಲವತ್ತು. ಹಿಂದಿನ ಬೀದಿಯ ಹುಡುಗಿಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಗೆ ಹತ್ತು. ಸರ್ವೀಸಿಗೆ ಇಪ್ಪತ್ತು. ಆಮೇಲೆ ಹೊಸಹಳ್ಳಿಗೆ ಪ್ರಸ್ಥಾನ, ಹೋಗಿ ಬರಲು ಎಂಟು, ಹನ್ನೊಂದು ಸಲ.

ಹನ್ನೊಂದು ಸಲವನ್ನೂ ಅವಳು ಒಂದೊಂದಾಗಿ ಹೇಳಿದಳು. ಮೊದಲನೆಯದು ವೈಶಾಖದಲ್ಲಿ, ಚಿಕ್ಕಪ್ಪ ಹೋಗಿ ಸೂತಕ ಬಂತು. ಎರಡನೆಯ ಸಲ ನನಗೆ ಸೀತಾಳೆ ಸಿಡುಬು. ಮೂರನೆಯ ಸಲ ಅರವತ್ತು ಚಪಾತಿ ಮಾಡಿ ಕಟ್ಟಿದ್ದಳು, ಮೂರು ದಿನ ನಾವೇ ಮನೆಯಲ್ಲಿ ಕೂತು ತಿಂದೆವು. ದನಿ ಏರಲಿಲ್ಲ, ಇಳಿಯಲಿಲ್ಲ. ಅಣ್ಣನ ಕಡೆ ತಿರುಗಿಯೂ ನೋಡದೆ ರುದ್ರಪ್ಪನವರ ಕಾಗದವನ್ನೇ ನೋಡುತ್ತಾ ಹೇಳುತ್ತಿದ್ದಳು.

"ಎಂಟನೇ ಸಲದಿಂದ ನಾನು ಬಟ್ಟೆ ಕಟ್ಲಿಲ್ಲ. ಖಾಲಿ ಪೆಟ್ಟಿಗೆ ಇಟ್ಟು ಕಳಿಸ್ತಿದ್ದೆ."

ರುದ್ರಪ್ಪನವರು ಕೂಡಿದರು. ಇನ್ನೂರ ಎಪ್ಪತ್ತನಾಲ್ಕು. ಒಂಬತ್ತು ಕಿಲೋಮೀಟರ್ ತಾಳೆಯಾಗುತ್ತಿಲ್ಲ ಎಂದು ಮೆಲ್ಲಗೆ ಹೇಳಿದರು. ಡೀಸೆಲ್ ಹಾಕಿಸಿಕೊಂಡು ಬರುವುದು ಬೇಡವೇ ಎಂದಳು ಅಮ್ಮ. ಅವರು ಪೆನ್ನಿನ ಮುಚ್ಚಳ ಹಾಕಿ, "ಸಾಕ್ರಿ ತಾಯಿ. ಮೀಟರ್ ಖರೇ ಐತಿ" ಎಂದು ಅಲ್ಲೇ ಮುಂಗಡ ಕೊಟ್ಟು, ಗುರುವಾರ ಬಂದು ಗಾಡಿ ಒಯ್ಯುವುದಾಗಿ ಹೇಳಿ ಹೊರಟರು.

ಅಣ್ಣನ ಪ್ರಾಮಾಣಿಕತೆ ಗೆದ್ದಿತ್ತು. ಆದರೆ ಅವರು ಸಂಜೆಯವರೆಗೂ ಜಗುಲಿ ಬಿಟ್ಟು ಏಳಲಿಲ್ಲ. ನನಗೆ ಅಮ್ಮನ ಮೇಲೆ ಸಿಟ್ಟು ಬಂದಿತ್ತು. ಹೊರಗಿನವರ ಮುಂದೆ ಇದನ್ನೆಲ್ಲ ಹೇಳಬೇಕಿತ್ತೇ ಎಂದುಕೊಂಡೆ. ಈಗ ಆವತ್ತಿನ ಅಮ್ಮನಿಗಿಂತ ವಯಸ್ಸಾಗಿರುವ ನನಗೆ, ಅವಳು ನಾಲ್ಕು ವರ್ಷ ಅದನ್ನು ಹೇಗೆ ಒಳಗಿಟ್ಟುಕೊಂಡಳು ಎಂಬುದೇ ಆಶ್ಚರ್ಯ.

ಮರುದಿನ ಸೋಮವಾರ. ನಾನು ಶಾಲೆಗೆ ಜಡೆ ಹಾಕಿಕೊಳ್ಳುತ್ತಿದ್ದೆ. ಅಣ್ಣ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು, ಶಾಲೆ ಬೇಡ, ಹೋಗಿ ವ್ಯಾನು ಹತ್ತು ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಮ್ಮನಿಗೂ ಹಾಗೇ ಹೇಳಿದರು. ಅಮ್ಮ ಗಡಿಯಾರ ನೋಡಿದಳು. ಏಳೂವರೆಗೆ ಐದು ನಿಮಿಷ.

"ಈಗ ರಾಹುಕಾಲ ಶುರುವಾಗತ್ತೆ."

"ಗೊತ್ತು. ರಾಹುಕಾಲದಲ್ಲಾದ್ರೆ ಯಾವ ನೆಂಟರೂ ಬರಲ್ಲ. ನಡಿ."

ನಾವು ಹತ್ತುವ ಹೊತ್ತಿಗೆ ಅಣ್ಣ ಒಂದು ಹಾಸಿಗೆಯ ಪಾಲಿಥೀನು ಹರಿದು ತೆಗೆದಿದ್ದರು. ನಾಲ್ಕು ವರ್ಷ ಗಾಳಿ ಕಾಣದ ರೆಕ್ಸಿನ್ನು ಇನ್ನೂ ಅಂಗಡಿಯ ವಾಸನೆ ಬೀರುತ್ತಿತ್ತು. ಮಾರಿದ ಗಾಡಿಯಲ್ಲವೇ ಎಂದಳು ಅಮ್ಮ. ಗುರುವಾರದ ತನಕ ನಮ್ಮದೇ ಎಂದರು ಅಣ್ಣ. ಬೀದಿಯವರು ನೋಡುತ್ತಾರೆಂದು ಅವಳು ಸಂಕೋಚಪಟ್ಟಾಗ ತಾವೇ ಆರೂ ಪರದೆ ಎಳೆದು, "ಮಲ್ಕೋ" ಎಂದಷ್ಟೇ ಹೇಳಿ ಮುಂದೆ ಹೋಗಿ ಕೂತರು, ನಾನು ಅವರ ಪಕ್ಕದಲ್ಲಿ. ನಿಂಬೆಹಣ್ಣು ಇಲ್ಲ, ತೆಂಗಿನಕಾಯಿ ಇಲ್ಲ. ವ್ಯಾನು ಹೊರಟಿತು.

ಅಮ್ಮ ಸ್ವಲ್ಪ ಹೊತ್ತು ಹಾಸಿಗೆಯ ಅಂಚಿನಲ್ಲಿ ಬಸ್ಸಿನಲ್ಲಿ ಕೂತ ಹಾಗೇ ಕೂತಿದ್ದಳು. ಮೈಸೂರು ರಸ್ತೆ ಸಿಕ್ಕ ಮೇಲೆ ಕಾಲು ಮೇಲಿಟ್ಟಳು. ಕೆಂಗೇರಿ ದಾಟಿದ ಮೇಲೆ ಪೂರ್ತಿ ಮಲಗಿ, ತಲೆಯ ಪಕ್ಕದ ಪರದೆಯನ್ನು ಒಂದು ಕೈಯಲ್ಲಿ ಸರಿಸಿ ಹಿಡಿದಳು. ಆಗ ಆ ರಸ್ತೆಯ ಎರಡೂ ಬದಿಗೆ ದೊಡ್ಡ ದೊಡ್ಡ ಮರಗಳು. ಆಲ, ಹುಣಸೆ, ಮತ್ತೆ ಆಲ ಎಂದು ಹೆಸರು ಹೇಳುತ್ತಾ ಹೋದಳು. ಸ್ವಲ್ಪ ಹೊತ್ತಿಗೆ ದನಿ ನಿಂತಿತು. ತಿರುಗಿ ನೋಡಿದರೆ ನಿದ್ದೆ ಹೋಗಿದ್ದಳು, ಪರದೆ ಕೈಯಲ್ಲೇ ಇತ್ತು.

ಬಿಡದಿಯ ತನಕ ಹೋಗಿ, ಇಡ್ಲಿ ತಿಂದು ವಾಪಸ್ಸು ಬರುವುದು ಅಣ್ಣನ ಯೋಜನೆ. ಹೋಟೆಲಿನ ಮುಂದೆ ನಿಧಾನ ಮಾಡಿದಾಗ ಅಮ್ಮ ಹೊರಳಿದಳು. ಅಣ್ಣ ತಕ್ಷಣ ಮತ್ತೆ ವೇಗ ಕೊಟ್ಟರು.

"ನಿಂತ್ರೆ ಎದ್ಬಿಡ್ತಾಳೆ," ಎಂದರು ಪಿಸುಮಾತಿನಲ್ಲಿ.

ಹಾಗಾಗಿ ನಿಲ್ಲಲೇ ಇಲ್ಲ. ರಾಮನಗರ ಹೋಯಿತು. ಚನ್ನಪಟ್ಟಣದಲ್ಲಿ ಸಾಲು ಸಾಲು ಗೊಂಬೆ ಅಂಗಡಿಗಳು, ನಾನು ಬಾಯಿ ಬಿಡಲಿಲ್ಲ. ಮದ್ದೂರಿನಲ್ಲಿ ವಡೆಯ ವಾಸನೆ ವ್ಯಾನಿನೊಳಗೇ ಬಂತು. ಆ ವಡೆಗಾಗಿ ಪ್ರಾಣ ಬಿಡುವ ಅಣ್ಣ ಮುಖ ಗಟ್ಟಿ ಮಾಡಿಕೊಂಡು ಮುಂದಕ್ಕೆ ಓಡಿಸಿದರು. ಮಂಡ್ಯದ ಹತ್ತಿರ ಕಬ್ಬಿನ ಗಾಡಿಯೊಂದು ರಸ್ತೆಗೆ ಅಡ್ಡ ನಿಂತಿತ್ತು, ಹಾರ್ನ್ ಮಾಡದೆ ಬೇರೆ ದಾರಿಯೇ ಇರಲಿಲ್ಲ. ಅಮ್ಮ ಎದ್ದು ಕೂತು, ಕೆನ್ನೆಯ ಮೇಲೆ ರೆಕ್ಸಿನ್ ಗುರುತಿನೊಂದಿಗೆ, ಎಲ್ಲಿದ್ದೇವೆ ಎಂದು ಕೇಳಿದಳು. ಮಂಡ್ಯ ಎಂದಾಗ ನಂಬದೆ ತನ್ನ ಬದಿಯ ಮೂರೂ ಕಿಟಕಿಯಲ್ಲಿ ಇಣುಕಿದಳು. ಆಮೇಲೆ ನಗಲು ಶುರು ಮಾಡಿದಳು.

ದಾರಿಯ ಅಂಗಡಿಯಲ್ಲಿ ಬೇಕಾದ್ದೆಲ್ಲ ಕೊಂಡು, ಕಬ್ಬಿನ ಗದ್ದೆಯ ಪಕ್ಕ ಮರದ ನೆರಳಲ್ಲಿ ನಿಲ್ಲಿಸಿ ಅಣ್ಣ ತಾವೇ ಸ್ಟೌ ಹಚ್ಚಿ ಉಪ್ಪಿಟ್ಟು ಮಾಡಿದರು. ತಳ ಹಿಡಿದಿತ್ತು. ಮೂವರೂ ಮೆಟ್ಟಿಲ ಮೇಲೆ ಕೂತು ತಿನ್ನುವಾಗ ಅಣ್ಣ ತಟ್ಟೆ ನೋಡುತ್ತಾ ಹೇಳಿದರು.

"ಹನ್ನೊಂದು ಸಲ ಅಂತ ನಂಗೆ ಗೊತ್ತಿರ್ಲಿಲ್ಲ ಕಣೇ."

ಉಪ್ಪು ಸರಿಯಾಗಿದೆ, ಇನ್ನಷ್ಟು ಹಾಕಿ ಎಂದು ಅಮ್ಮ ತಟ್ಟೆ ಚಾಚಿದಳು.

ಗುರುವಾರ ರುದ್ರಪ್ಪನವರು ಹೂವಿನ ಹಾರದ ಸಮೇತ ಬಂದರು. ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟುವ ದಿನಗಳು. ಹಾರ ಕಟ್ಟಲು ಮುಂದೆ ಹತ್ತಿದವರು ಮೀಟರು ನೋಡಿ ನಿಂತುಬಿಟ್ಟರು. ನಾನೂರ ಎಂಬತ್ತೇಳು. ಅಣ್ಣ ಕೈಕಟ್ಟಿಕೊಂಡು ನಿಂತಿದ್ದರು. ಬೇಕಾದರೆ ಬೆಲೆ ಇಳಿಸಿಕೊಳ್ಳಿ ಎಂದರು. ಏನಾಯಿತೆಂದು ಕೇಳಿದ್ದಕ್ಕೆ, "ಹೆಂಡ್ತಿ ಮಲಗಿದ್ಲು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ" ಎಂದರು. ರುದ್ರಪ್ಪನವರು ಅಣ್ಣನನ್ನು ನೋಡಿದರು, ಬಾಗಿಲಲ್ಲಿದ್ದ ಅಮ್ಮನನ್ನು ನೋಡಿದರು, ಒಂದು ಪೈಸೆಯನ್ನೂ ಇಳಿಸಲಿಲ್ಲ. ಈಗ ಮೀಟರು ಸರಿ ಕಾಣುತ್ತದೆ ಎಂದಷ್ಟೇ ಹೇಳಿದರು.

ಆಮೇಲೆ ಒಳಗೆ ಹೋಗಿ ಎಲ್ಲ ನೋಡಿ ಬಂದು, ಕಿಟಕಿ ಆರು ಇವೆ, ಪರದೆ ಐದೇ ಇವೆಯಲ್ಲ ಎಂದರು. ಅಣ್ಣ ಅಮ್ಮನ ಕಡೆ ನೋಡಿದರು.

"ಒಗೆದು ಹಾಕಿದೀನಿ," ಎಂದಳು ಅಮ್ಮ. "ಇನ್ನೂ ಒಣಗಿಲ್ಲ. ಒಣಗಿದ್ಮೇಲೆ ಕಳಿಸ್ತೀನಿ."

ರುದ್ರಪ್ಪನವರು ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. ಅಂಗಳದ ಖಾಲಿ ತಂತಿಯನ್ನೂ ನೋಡಿದರು. "ಆತ್ರಿ ತಾಯಿ. ಒಣಗಲಿ" ಎಂದು ಕೈಮುಗಿದು ವ್ಯಾನು ಹತ್ತಿದರು.

ಮುಂದೆ ಎಷ್ಟೋ ವರ್ಷ ಅವರು ಸಂತೆಗಳಿಂದ ಬರುವಾಗ ನಮ್ಮ ಬೀದಿಯಲ್ಲಿ ವ್ಯಾನು ನಿಲ್ಲಿಸಿ ಕಾಫಿ ಕುಡಿದು ಹೋಗುತ್ತಿದ್ದರು. ಮೀಟರು ಲಕ್ಷ ದಾಟಿತೆಂದು ಹೇಳಲೂ ಬಂದಿದ್ದರು. ಹೊರಡುವಾಗ ಪ್ರತಿ ಸಲವೂ ಒಣಗಿತೇನ್ರಿ ತಾಯಿ ಎಂದು ಕೇಳುವರು, ಅಮ್ಮ ಇನ್ನೂ ಇಲ್ಲ ಎನ್ನುವಳು. ಅದನ್ನು ಅವಳು ದಿಂಬಿನ ಕೆಳಗೆ ಮಡಿಸಿಟ್ಟುಕೊಂಡಿದ್ದಳು. ಮಧ್ಯಾಹ್ನ ಹೊತ್ತು ಒಂದು ಗಳಿಗೆ ಮಲಗುವ ಅಭ್ಯಾಸವನ್ನೂ ಆಮೇಲೆ ಮಾಡಿಕೊಂಡಳು. ನನ್ನ ಮದುವೆಯಲ್ಲಿ ಅವಳು ಕೊಟ್ಟ ಟ್ರಂಕಿನಲ್ಲಿ, ಸೀರೆಗಳ ತಳದಲ್ಲಿ, ಈಗ ನಮ್ಮ ಮಿಕ್ಸಿಯ ಮೇಲಿರುವ ಈ ಪರದೆ ಇತ್ತು.

ಇಷ್ಟನ್ನೆಲ್ಲ ಸೊಸೆಗೆ ಹೇಳಲು ಮೊನ್ನೆ ಎಲ್ಲಿ ಸಮಯವಿತ್ತು? ಯಾಕತ್ತೆ ಕೊಡೋದಿಲ್ಲ ಎಂದು ಕೇಳಿದಳು. "ಇನ್ನೂ ಒಣಗಿಲ್ಲ ಕಣೇ" ಎಂದೆ. ಅವಳು ನನ್ನ ಮುಖ ನೋಡಿ, ಕೈಯಲ್ಲಿದ್ದ ಬ್ಯಾಗು ಕೆಳಗಿಟ್ಟು, ಆ ಬಟ್ಟೆಯನ್ನು ಮುಟ್ಟಿ ನೋಡಿದಳು.